ಮೊಣಕಾಲಲ್ಲಿ ನಿಂತ ನೀರು

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ನನಗೆ ಕುಷ್ಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತು. ನನ್ನನ್ನು ಓದಿಸಿದವಳು ಅಕ್ಕ. ಅವ್ವ ತೀರಿಕೊಂಡ ಮೇಲೆ ಅವಳೇ ಅವ್ವ. ಇರಕಲ್ಲಗಡದ ಹತ್ತಿರದ ನಮ್ಮೂರಿನಿಂದ ಹತ್ತು ಹನ್ನೆರಡು ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಗಂಗಾವತಿ ಕಡೆಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುವ ಕೆಲಸ. ಗುಂಪಿಗೆ ಅವಳೇ ಮುಂದಾಳು. ಅವಳು ಗದ್ದೆಗೆ ಇಳಿಯದೆ ಉಳಿದವರು ಇಳಿಯುತ್ತಿರಲಿಲ್ಲ.

ಐವತ್ತು ತುಂಬುವ ಮೊದಲೇ ಅವಳ ಬಲಮೊಣಕಾಲು ಕೈಕೊಟ್ಟಿತು. ಸಂಧಿವಾತ, ಕೀಲಿನ ಮೃದ್ವಸ್ಥಿ ಸವೆದಿದೆ ಎಂದರು ಕೊಪ್ಪಳದ ಡಾಕ್ಟರು. ಕೀಲು ಬದಲಿಸಬಹುದು, ಆದರೆ ಬದಲಿಸಿದ ಕೀಲು ಕೆಸರಿನ ಕೆಲಸಕ್ಕೆ ತಾಳುವುದಿಲ್ಲ ಎಂದೂ ಹೇಳಿದರು. ಅಕ್ಕ ಅಲ್ಲೇ ತಲೆಯಾಡಿಸಿಬಿಟ್ಟಳು. "ಗದ್ದಿಗೆ ಇಳಿಯೂದು ಬಿಟ್ರ ನಾ ಯಾರ ಆಗ್ತೀನ್ರಿ?" ಎಂದಳು. ಆಗ ಡಾಕ್ಟರು ದೂರದ ಪಟ್ಟಣದ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಒಬ್ಬರು ಕಾಂಡಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ, ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಪ್ರಯೋಗ ನಡೆಸಿದ್ದರು.

ಅಲ್ಲಿಯ ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಸೊಂಟದ ಎಲುಬಿನ ಮಜ್ಜೆಯಿಂದ ಕಾಂಡಕೋಶ ತೆಗೆಯುತ್ತೇವೆ, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ ಮೊಣಕಾಲಿಗೆ ಹಾಕುತ್ತೇವೆ, ಗುಣವಾಗುತ್ತದೆ ಎಂಬ ಖಾತ್ರಿ ಇಲ್ಲ ಎಂದರು. ಸಹಿ ಹಾಕುವ ಮೊದಲು ಅವರಿಗೆ ಪೂರ್ತಿ ಅರ್ಥವಾಗಬೇಕು, ನೀವೇ ತಿಳಿಸಿ ಹೇಳಿ ಎಂದು ಒಪ್ಪಿಗೆ ಕಾಗದ ನನ್ನ ಕೈಗೆ ಕೊಟ್ಟರು.

ಓದಿದೆ. ಅಕ್ಕ ಕಾಂಡಕೋಶ ಅನ್ನುವ ಮಾತಿನ ಹತ್ತಿರವೇ ನಿಂತುಬಿಟ್ಟಳು.

"ಕಾಂಡ ಅಂದ್ರ ದಂಟಲ್ಲೇನ ತಂಗಿ? ನನ್ನ ಸೊಂಟದಾಗ ದಂಟು ಎಲ್ಲಿಂದ ಬಂತು?"

ನನಗೆ ನಗು ಬಂತು. ಕಲಿಸುವವರಿಗೆ ಒಂದು ಬಾಯಿಚಟ ಇರುತ್ತದೆ, ಎದುರಿಗಿದ್ದವರಿಗೆ ತಿಳಿದದ್ದನ್ನೇ ಹಿಡಿದು ತಿಳಿಯದ್ದನ್ನು ಹೇಳುವುದು. "ಹಂಗ ತಿಳ್ಕೊ ಅಕ್ಕಾ. ಸೊಂಟದಿಂದ ಬೀಜ ತಗೀತಾರ. ಲ್ಯಾಬಿನ್ಯಾಗ ಮಡಿ ಮಾಡಿ ಸಸಿ ಬೆಳಸ್ತಾರ. ಆಮ್ಯಾಲ ಮಣಕಾಲಾಗ ನಾಟಿ ಹಚ್ತಾರ."

ಅಕ್ಕನ ಮುಖ ತಿಳಿಯಾಯಿತು. "ಇಷ್ಟ ಅಲ್ಲೇನು?" ಎಂದು ಹೆಬ್ಬೆಟ್ಟು ಒತ್ತಿದಳು. ಎಷ್ಟು ಚೆನ್ನಾಗಿ ಹೇಳಿದಿರಿ ಟೀಚರ್ ಎಂದರು ಡಾಕ್ಟರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಮಾತ್ರ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ.

ಮಜ್ಜೆ ತೆಗೆದ ಕೆಲವು ವಾರದ ನಂತರ, ಬೆಳೆಸಿದ ಕೋಶವನ್ನು ಮೊಣಕಾಲಿಗೆ ಸೂಜಿಯಿಂದ ಹಾಕಿದರು. ಬಾವು ಬಂದರೆ, ಕಾಲು ಬಿಸಿಯಾದರೆ ಕೂಡಲೇ ಫೋನ್ ಮಾಡಿ, ನೀರು ತೆಗೆದು ನೋಡುತ್ತೇವೆ ಎಂದು ನರ್ಸ್ ಹೇಳಿದಳು. ಅಕ್ಕನೂ ಕೇಳಿದಳು, ನಾನೂ ಕೇಳಿದೆ. ಅವಳನ್ನು ಊರಿಗೆ ಬಿಟ್ಟು ನಾನು ಕುಷ್ಟಗಿಗೆ ಹೋದೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳ ರಾಶಿ ಕಾದಿತ್ತು.

ಐದನೆಯ ದಿನ ಅಕ್ಕ ಫೋನ್ ಮಾಡಿದಳು.

"ನೀರು ಭಾಳ ನಿಂತೈತಿ ತಂಗಿ. ತಗಸ್ಲೇನು, ಹಂಗ ಇರ್ಲೇನು?"

ಆ ವಾರ ಮಳೆ ಹಿಡಿದಿತ್ತು. ನಮ್ಮ ಹೊಲದ ಒಡ್ಡಿಗೆ ನಿಂತ ನೀರಿನ ಮಾತು ಅಂದುಕೊಂಡೆ. ತೊಡೆಯ ಮೇಲೆ ಯಾರದೋ ಉತ್ತರಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು.

"ನಿಲ್ಲಲಿ ತಗೋ ಅಕ್ಕಾ. ನೀರು ನಿಂತ್ರ ಛಲೋನ ಅಲ್ಲೇನು?" ಎಂದು ಫೋನ್ ಇಟ್ಟೆ. ಅವಳ ಕಾಲು ಹೇಗಿದೆ ಎಂದು ಕೇಳಲಿಲ್ಲ.

ನಾಟಿ ಹಚ್ಚಿದ ಗದ್ದೆಯಲ್ಲಿ ಬೇರು ಹಿಡಿಯುವ ತನಕ ನೀರು ನಿಲ್ಲಬೇಕು, ಬಸಿದು ಹೋದರೆ ಸಸಿ ಒಣಗುತ್ತದೆ. ಕಾಲುವೆ ಸೀಮೆಯಲ್ಲಿ ದುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಕ್ಕ ಊದಿದ ಮೊಣಕಾಲಿಗೆ ಸೀರೆ ಮುಚ್ಚಿಕೊಂಡು, ನೋವು ನುಂಗಿಕೊಂಡು, ಬೇರು ಹಿಡಿಯಲಿ ಎಂದು ಕಾದಳು.

ಒಂಬತ್ತನೆಯ ದಿನ ಮಾವ, ಅಕ್ಕನ ಗಂಡ, ಫೋನ್ ಮಾಡಿದರು. "ಜ್ವರಾ ತಲಿಗೇರಿ ಬಡಬಡಸಾಕ್ಹತ್ಯಾಳ. ಕಾಲು ನೋಡಾಕ ಆಗವಲ್ದು. ಲಗೂ ಬಾ."

ಅದೇ ದೊಡ್ಡ ಆಸ್ಪತ್ರೆಗೆ ಒಯ್ದೆವು. ಮೊಣಕಾಲ ತುಂಬ ಕೀವು. ಎರಡು ಸಲ ತೆರೆದು ತೊಳೆದರು. ಉಳಿದಿದ್ದ ಮೃದ್ವಸ್ಥಿಯನ್ನೂ ನಂಜು ತಿಂದು ಹಾಕಿತ್ತು. ಜೀವ ಉಳಿಯಿತು. ಕಾಲು ಉಳಿಸಲು ಕೀಲಿನ ಮೇಲಿನ, ಕೆಳಗಿನ ಎರಡೂ ಎಲುಬನ್ನು ನೆಟ್ಟಗೆ ಕೂಡಿಸಿ ಬೆಸೆಯಬೇಕಾಯಿತು. ಇನ್ನು ಅದು ಮಡಚುವುದಿಲ್ಲ ಎಂದರು. ಅಕ್ಕ ಇನ್ನು ಯಾವ ಗದ್ದೆಗೂ ಇಳಿಯುವುದಿಲ್ಲ ಎಂದು ಅದರ ಅರ್ಥ. ನಾನು ಹೊರಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದೆ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸಕ್ಕರೆ ಜಾಸ್ತಿಯಾಗಿದೆ ಅನ್ನುವುದಷ್ಟೇ ತಿಳಿಯಿತು.

ನಾಲ್ಕು ದಿನ ಬಿಟ್ಟು ಡಾಕ್ಟರು ಫೈಲು ಹಿಡಿದು ಅಕ್ಕನ ಮಂಚದ ಹತ್ತಿರ ಕೂತರು. ಸಿಟ್ಟಿರಲಿಲ್ಲ, ಸೋತಂತಿದ್ದರು. "ಬಾವು ಬಂದಾಗ ಯಾಕಮ್ಮ ಫೋನ್ ಮಾಡಲಿಲ್ಲ?"

"ನಾಟಿ ಹಚ್ಚಿದ ಮ್ಯಾಲ ನೀರು ತಗದ್ರ ಸಸಿ ಸಾಯ್ತಾವಲ್ರೀ ಸಾಹೇಬ್ರ. ಆದ್ರೂ ನನ್ನ ತಂಗಿನ್ನ ಕೇಳಿದ್ನಿರಿ. ನಿಲ್ಲಲಿ ಅಂದ್ಲು."

ಡಾಕ್ಟರು ನನ್ನ ಕಡೆ ತಿರುಗಿದರು. ಆ ಕ್ಷಣಕ್ಕೇ ನನಗೆ ಆ ಫೋನಿನ ಮಾತು ಯಾವ ನೀರಿನದು ಎಂದು ಹೊಳೆದದ್ದು.

"ಇಲ್ಲ ಸರ್. ನನ್ನನ್ನು ಕೇಳಿಲ್ಲ" ಎಂದೆ. ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲೇ ಹೇಳಿದೆ.

ಅಕ್ಕ ನನ್ನನ್ನು ನೋಡಿದಳು, ಬಹಳ ಹೊತ್ತೇನಲ್ಲ. "ಹೌದ್ರೀ ಸಾಹೇಬ್ರ. ಜ್ವರದಾಗ ಏನೋ ಕನಸು ಬಿದ್ದಿರಬೇಕು. ನಾ ಕೇಳಿಲ್ರಿ." ಡಾಕ್ಟರು ಅದನ್ನೇ ಬರೆದುಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ್ದು ಎರಡು ಮಾತು. ಒಂದನ್ನು ತಿಳಿಯದೆ ಆಡಿದೆ, ಇನ್ನೊಂದನ್ನು ತಿಳಿದೇ ಆಡಿದೆ. ಕಾಂಡಕೋಶದ ಸುದ್ದಿ ಈಗಲೂ ಪತ್ರಿಕೆಯಲ್ಲಿ ಬರುತ್ತದೆ, ಕೆಲವರಿಗೆ ನೋವು ಕಡಿಮೆಯಾಗಿದೆ, ಎಷ್ಟು ದಿನ ಬಾಳುತ್ತದೋ ಇನ್ನೂ ನೋಡಬೇಕು ಎಂದು. ಓದಿ ಮಡಚಿಡುತ್ತೇನೆ. ಏನೂ ಅನಿಸುವುದಿಲ್ಲ.

ರಜೆಗೆ ಹೋದಾಗ ಅಕ್ಕ ಮೊದಲಿನ ಹಾಗೆಯೇ ಇರುತ್ತಾಳೆ. ಎತ್ತರದ ಕುರ್ಚಿಯಲ್ಲಿ ಕಾಲು ನೀಡಿ ಕೂತು, ಉಂಡು ಹೋಗು ಎಂದು ಒತ್ತಾಯ ಮಾಡುತ್ತಾಳೆ, ನನ್ನ ಸೊರಗಿದ ಮುಖಕ್ಕೆ ಬೈಯುತ್ತಾಳೆ. ಆದರೆ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಬೇಕಾದರೆ, ಪಂಚಾಯಿತಿಯಿಂದ ಬಂದ ಕಾಗದ ಓದಿಸಬೇಕಾದರೆ, ಪಕ್ಕದ ಮನೆಯ ಸೊಸೆಯನ್ನು ಕೂಗಿ ಕರೆಯುತ್ತಾಳೆ. ನಾನು ಅಲ್ಲೇ, ಅವಳ ಎದುರಿಗೇ ಕೂತಿರುತ್ತೇನೆ.