ಹಾಲೇಶನ ಕೋಟಿನ ಮರ್ಯಾದೆ

ಸೂರತ್ತಿನ ಪಾಂಡೇಸರಾದಲ್ಲಿ ಹಾಲೇಶ ಬಾಡಿಗೆಗಿದ್ದ ಕಟ್ಟಡದವರು ಹೊಸಬರಿಗೆ ಮೊದಲು ಹೇಳುತ್ತಿದ್ದ ಮಾತು ಇದು: "ಮೂರನೇ ಮಾಳಿಗೆ ಕನ್ನಡದವನ ಜೊತೆ ಲಿಫ್ಟ್ ಹತ್ತಬೇಡಿ. ಕಾಲರ್ ಮಗುಚಿ ಹೊಲಿಗೆ ನೋಡ್ತಾನೆ." ಸುಳ್ಳೇನಲ್ಲ. ಒಮ್ಮೆ ಸಾವಿನ ಮನೆಯಲ್ಲಿ ಒಬ್ಬರ ಅಂಗಿಯ ತೋಳು ಸವರಿ "ಪಾಪ, ಎಷ್ಟು ಕೆಟ್ಟದಾಗಿ ಕೂತಿದೆ" ಅಂದಿದ್ದ. ಸಮಾಧಾನ ಹೇಳುತ್ತಿದ್ದಾನೆಂದು ಅವರು ಅವನನ್ನೇ ತಬ್ಬಿ ಅತ್ತರು.

ದಾವಣಗೆರೆ ಕಡೆಯವನು, ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ಕೆಲಸ. ಅವನ ಆರಾಧ್ಯದೈವ ಅಹಮದಾಬಾದಿನ ಮಂಥನ್ ಎಂಬ ವಿನ್ಯಾಸಗಾರ. ಮಂಥನ್ ಹೊಲಿದ ಕೋಟು ಎದುರಿನಿಂದ ಅಪ್ಪಟ ವಿಲಾಯಿತಿ ಸೂಟು. ಬೆನ್ನಿಗೆ ಬಂದರೆ ಕಾಠಿಯಾವಾಡದ ದನಗಾಹಿ ತೊಡುವ ಕೆಡಿಯಾ ಎಂಬ ಗಿಡ್ಡ ಅಂಗಿಯ ನಿರಿಗೆ. ಒಳಗಿನ ಅಸ್ತರಿಗೆ ನಮ್ಮ ಇಳಕಲ್ಲಿನ ಕೆಂಪು ಸೆರಗು! ಮೂರು ಸೀಮೆಗಳು ಒಂದೇ ಕೋಟಿನಲ್ಲಿ ಜಗಳವಿಲ್ಲದೆ ಸಂಸಾರ ಮಾಡುತ್ತಿದ್ದವು. ಭುಜಕ್ಕೆ ಹತ್ತಿ ತುರುಕಿ ಪೈಲ್ವಾನನನ್ನು ಮಾಡುವ ಚಾಳಿಯೂ ಇಲ್ಲ. ಉಳಿತಾಯವೆಲ್ಲ ಸುರಿದು ಹಾಲೇಶ ಅಂಥದೊಂದು ಕೊಂಡಿದ್ದ. ಅವನ ಎಡಭುಜ ತುಸು ಜೋತಿತ್ತು. ಆ ಕೋಟು ತೊಟ್ಟರೆ ಎಡಭುಜ ಸರಿಯಾಗಿಯೇ ಇದೆ, ಬಲಭುಜವೇ ಕೊಬ್ಬಿ ಮೇಲೆದ್ದಿದೆ ಅನ್ನಿಸುತ್ತಿತ್ತು.

ಅದನ್ನೇ ತೊಟ್ಟು ವಡೋದರಾದ ಕನ್ನಡದವರ ಮನೆಗೆ ಹೆಣ್ಣು ನೋಡಲು ಹೋದ. ನೀಲಾಳ ಫೋಟೋ ಕಂಡಂದಿನಿಂದ ಗಿರಣಿಯಲ್ಲಿ ಕೆಂಪು ಕೇಳಿದರೆ ಹಳದಿ ಕಲಸುತ್ತಿದ್ದ. ಅವಳು ಒಲ್ಲೆ ಅಂದರೆ ಮುಗಿಯಿತು ಅವನ ಕತೆ.

"ಬರ್ರಿ, ಕೂತ್ಕೊಳ್ರಿ," ಅಂದರು ಅವಳಪ್ಪ ಲಿಂಗರಾಜಪ್ಪ.

"ಪರವಾಗಿಲ್ರಿ, ನಿಂತಿರ್ತೀನಿ."

ಕೂತರೆ ನಿರಿಗೆ ಮುರಿಯುತ್ತದಲ್ಲ! ರೈಲಿನಲ್ಲೂ ನಿಂತೇ ಬಂದಿದ್ದ. ಆದರೆ ನೆಂಟ ನಿಂತಿರುವಾಗ ಮನೆಯವರು ಕೂರುವುದುಂಟೇ? ಲಿಂಗರಾಜಪ್ಪ ಮಂಡಿನೋವು ನುಂಗಿಕೊಂಡು ಎದ್ದರು. ಹೆಂಡತಿ ಎದ್ದರು. ಕಿವಿ ಮಂದದ ಅಜ್ಜಿಯನ್ನೂ ಎಬ್ಬಿಸಿ ನಿಲ್ಲಿಸಿದರು.

"ಯಾಕ್ರೋ, ಜನಗಣಮನನಾ? ನಂಗೇನೂ ಕೇಳಿಸ್ತಿಲ್ಲ," ಅಂತ ಅಜ್ಜಿ ಗಾಬರಿಯಾಯಿತು.

ಉಪ್ಪಿಟ್ಟು ತಂದ ನೀಲಾ ಬಾಗಿಲಲ್ಲೇ ನಿಂತಳು. "ಅರೇ, ನಾನು ಬರೋದ್ರೊಳಗೆ ಎಲ್ರೂ ಹೊರಟ್ರಾ?"

ಹಾಲೇಶ ಕಡೆಗೆ ಬಾಯಿಬಿಟ್ಟ. "ಕೂತ್ರೆ ಕೋಟು ಸುಕ್ಕಾಗತ್ರಿ."

"ಮದ್ವೆ ಆಗೋದು ನೀವಾ, ಕೋಟಾ? ಬಿಚ್ಚಿ ಕೊಡಿ ಇಲ್ಲಿ. ಅಜ್ಜಿ ಬೀಳತ್ತೆ."

ಬಿಚ್ಚಿದ. ಒಳಗಿನ ಅಂಗಿ ಗಿರಣಿಯ ಸ್ಯಾಂಪಲ್ ತುಂಡುಗಳದ್ದು, ತೋಳಿಗೊಂದು ಬಣ್ಣ, ಬೆನ್ನಿಗೆ ನಾಲ್ಕು. ಯಾರೋ ಬುಡುಬುಡಿಕೆಯವನೆಂದು ಅಜ್ಜಿ ಕೈಮುಗಿಯಿತು. ನೀಲಾ ಬಿದ್ದುಬಿದ್ದು ನಕ್ಕು, ಕೋಟನ್ನು ತಾನೇ ತೊಟ್ಟು, ಗರ್ಬಾದಲ್ಲಿ ತಿರುಗುವಂತೆ ಗಿರಕ್ಕನೆ ತಿರುಗಿದಳು. ನಿರಿಗೆಗಳು ಛತ್ರಿಯ ಹಾಗೆ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದವು.

"ಇದು ಕುಣಿಯೋಕೆ ಹೊಲಿದಿರೋದು ರೀ! ನೀವು ಕಂಬದ ಥರ ನಿಂತಿದೀರಲ್ಲ!"

ಇಷ್ಟು ದಿನ ಹಾಲೇಶ ಒಂದೊಂದು ಹೊಲಿಗೆಯನ್ನೂ ನೋಡಿದ್ದ. ಕೋಟು ಓಡಾಡುವುದನ್ನು ಮಾತ್ರ ನೋಡಿರಲಿಲ್ಲ.

"ಸುಕ್ಕಾದ್ರೆ ಆಗ್ಲಿ ಅನ್ನಿ ನೋಡೋಣ," ಅಂದಳು. "ಆಮೇಲೆ ನಾನು ಹೂಂ ಅಂತೀನಿ."

ಹಾಲೇಶ ಕೋಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಆಗ್ಲಿ... ಬಿಡ್ರಿ."

ಮದುವೆಯಾಯಿತು. ವಡೋದರಾದಲ್ಲೇ ಕೆಲಸವೂ ಸಿಕ್ಕಿತು. ಪಾಂಡೇಸರಾದ ಮನೆ ಖಾಲಿ ಮಾಡಿದ ದಿನ ಕೆಳಗೆ ಟೆಂಪೋದಲ್ಲಿ ಕೂತ ನೀಲಾ ಹಾರ್ನ್ ಒತ್ತುತ್ತಲೇ ಇದ್ದಳು. ಹಾಲೇಶ ಬೀಗ ಹಾಕಿ, ತೊಟ್ಟಿದ್ದ ಮಂಥನನ ಕೋಟಿನ ತೋಳನ್ನು ಮೊಣಕೈ ತನಕ ಮಡಚಿ, ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು, "ಬಂದೆ ಕಣೇ!" ಎನ್ನುತ್ತಾ ಮೆಟ್ಟಿಲಿಳಿದ.