ಸಿಗಿರಿಯ ಹತ್ತಲು ಹೊರಟ ದುರ್ಗದ ಗೈಡ್

ಫೆಬ್ರವರಿ ಮೂರನೇ ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾವು ಮೂವರು ಚಿತ್ರದುರ್ಗ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ ಹತ್ತಿದೆವು. ಮರುದಿನ ಬೆಳಿಗ್ಗೆ ಕೊಲಂಬೊಗೆ ವಿಮಾನವಿತ್ತು. ಕೋಟೆಯಲ್ಲಿ ಮೂವತ್ತೊಂದು ವರ್ಷದಿಂದ ಗೈಡ್ ಆಗಿರುವ ತಿಪ್ಪೇಸ್ವಾಮಿ, ಅವರ ಹೆಂಡತಿ ರುದ್ರಮ್ಮ, ಮೂರನೆಯವನು ನಾನು. ದುರ್ಗದಲ್ಲಿ ವರದಿಗಾರನಾಗಿದ್ದ ದಿನಗಳಿಂದ ಈ ದಂಪತಿಯನ್ನು ಬಲ್ಲೆ.

ಪ್ರವಾಸಕ್ಕೆ ಒಂದು ಷರತ್ತಿತ್ತು. ತಿಪ್ಪೇಸ್ವಾಮಿಗೆ ಈಗ ಅರವತ್ಮೂರು. ಎಡಮಂಡಿ ಸವೆದಿದೆ ಎಂದು ವೈದ್ಯರು ಹೇಳಿ ವರ್ಷವಾಗಿತ್ತು. ಕೋಟೆ ಹತ್ತುವುದನ್ನು ನಿಲ್ಲಿಸಿ ಎಂದು ರುದ್ರಮ್ಮ, ನಿಲ್ಲಿಸುವುದಿಲ್ಲ ಎಂದು ಇವರು. ಕೊನೆಗೆ ಜಗಳ ಒಪ್ಪಂದಕ್ಕೆ ಬಂದದ್ದು ಶ್ರೀಲಂಕಾದ ಸಿಗಿರಿಯ ಎಂಬ ಬಂಡೆಯ ಮೇಲೆ. ಹಲವು ವರ್ಷಗಳ ಹಿಂದೆ ನಮ್ಮ ಕೋಟೆ ನೋಡಲು ಬಂದಿದ್ದ ಸಿಂಹಳದವರೊಬ್ಬರು ಅದರ ಬಗ್ಗೆ ಹೇಳಿದ್ದರು. ಅಂದಿನಿಂದ ತಿಪ್ಪೇಸ್ವಾಮಿ ಪ್ರವಾಸಿಗರಿಗೆ ಹೊಂಡಗಳನ್ನು ತೋರಿಸುವಾಗ ಒಂದು ಸಾಲು ಸೇರಿಸಿಕೊಂಡಿದ್ದರು: "ಲಂಕೆಯಾಗೂ ಇಂಥದ್ದೊಂದು ಬಂಡೆ ಕೋಟೆ ಐತೆ. ಆದ್ರೆ ನೀರಿನ ವಿಷಯದಾಗೆ ನಮ್ಮದೇ ಮೇಲು." ಅವರು ಅದನ್ನು ನೋಡಿರಲಿಲ್ಲ.

"ಆ ಬಂಡೆ ಪೂರಾ ಹತ್ತಿ ಇಳಿದ್ರೆ ಇನ್ನೆಷ್ಟು ವರ್ಷ ಬೇಕಾದ್ರೂ ಕೋಟೆ ಹತ್ರಿ, ನಾ ಕೇಳಲ್ಲ," ಎಂದಿದ್ದರು ರುದ್ರಮ್ಮ. "ಹತ್ತಲಿಲ್ಲ ಅಂದ್ರೆ ಗೈಡ್ ಕಾರ್ಡು ನನ್ನ ಕೈಗೆ ಕೊಡಬೇಕು." ನನ್ನನ್ನು ಸಾಕ್ಷಿಗೆಂದು ಕರೆದುಕೊಂಡರು. "ಪೇಪರ್‌ನೋರು ನೀವು. ಕಂಡಿದ್ದನ್ನ ಕಂಡಂಗೆ ಹೇಳ್ರಿ ಸಾರ್, ಅಷ್ಟೆ."

ಹಿರಿಯೂರಿನಲ್ಲಿ ರುದ್ರಮ್ಮನ ತಮ್ಮ ಆದಿವಾಲದಿಂದ ಬಂದು ಕಾದಿದ್ದ. ಬಸ್ಸಿನ ಕಿಟಕಿಯಲ್ಲೇ ಶೇಂಗಾ ಉಂಡೆಯ ಡಬ್ಬಿ ಕೊಟ್ಟು, "ಭಾವ, ಅಲ್ಲಿ ಲಿಫ್ಟ್ ಇದ್ರೆ ಹತ್ತಿದ್ದು ಲೆಕ್ಕಕ್ಕಿಲ್ಲ ನೋಡು," ಎಂದ.

ಬೆಂಗಳೂರಿನಿಂದ ಕೊಲಂಬೊ ಒಂದೂವರೆ ತಾಸಿನ ಹಾರಾಟ. ಹೊರಗೆ ಮಂಗಳೂರಿನಂಥ ಬೆವರುವ ಹವೆ. ನಾವು ಗೊತ್ತು ಮಾಡಿದ್ದ ಕಾರಿನ ಚಾಲಕ ನಿಮಲ್ ನಮ್ಮನ್ನು ನೇರ ದಕ್ಷಿಣಕ್ಕೆ, ಗಾಲೆ ಊರಿಗೆ ಕರೆದೊಯ್ದ. ಹೆದ್ದಾರಿ ನುಣುಪು, ಹಾರ್ನ್ ಬಹಳ ಕಡಿಮೆ. ದಾರಿಯಲ್ಲಿ ಕಿತ್ತಳೆ ಬಣ್ಣದ ಎಳನೀರು ಕುಡಿದೆವು. ಒಂದಕ್ಕೆ ಅಲ್ಲಿಯ ನೂರೈವತ್ತು ರೂಪಾಯಿ, ನಮ್ಮ ಲೆಕ್ಕದಲ್ಲಿ ನಲವತ್ತರ ಆಸುಪಾಸು. "ಹೊಸದುರ್ಗದ ಕಾಯಿ ಇದಕ್ಕಿಂತ ಸೀ," ಎಂದರು ರುದ್ರಮ್ಮ. ಎರಡನೆಯದನ್ನು ಕುಡಿದ ಮೇಲೆ ಆ ಮಾತು ಮತ್ತೆ ಆಡಲಿಲ್ಲ.

ಗಾಲೆಯ ಕೋಟೆ ಡಚ್ಚರ ಕಾಲದ್ದು. ಮೂರು ಕಡೆ ಸಮುದ್ರ, ಒಳಗೆ ಇನ್ನೂ ಜನ ವಾಸವಿರುವ ಓಣಿಗಳು. ಸಂಜೆ ಗೋಡೆಯ ಮೇಲೆ ಊರಿಗೆ ಊರೇ ನಡೆದಾಡುತ್ತದೆ: ಶಾಲೆ ಬಿಟ್ಟ ಹುಡುಗಿಯರು, ಬುರ್ಖಾ ತೊಟ್ಟ ಹೆಂಗಸರು, ಗಾಳಿಪಟದವರು. ತಿಪ್ಪೇಸ್ವಾಮಿ ಗೋಡೆಯ ದಪ್ಪವನ್ನು ಹೆಜ್ಜೆಯಿಂದ ಅಳೆದರು. "ಚಂದ ಐತೆ. ಆದ್ರೆ ಇಲ್ಲಿ ಗೈಡಿಗೆ ಕೆಲಸ ಇಲ್ಲ ಸಾರ್. ಯಾರೂ ಬೀಳಂಗಿಲ್ಲ, ಯಾರಿಗೂ ಉಸಿರು ಕಟ್ಟಂಗಿಲ್ಲ." ಸೂರ್ಯ ನೀರಿಗಿಳಿಯುವವರೆಗೂ ರುದ್ರಮ್ಮ ಗೋಡೆಯ ಅಂಚಿನಲ್ಲಿ ಕುಳಿತೇ ಇದ್ದರು. ಅವರು ಸಮುದ್ರ ನೋಡಿದ್ದು ಅದೇ ಮೊದಲು.

ಮೂರನೇ ದಿನ ಎಲ್ಲ ಎಂಬ ಬೆಟ್ಟದೂರಿಗೆ ಹೋದೆವು. ಅಲ್ಲಿ ಮೈಗೆ ಶಾಲು ಬೇಕು. ಕಣಿವೆಯ ತುಂಬ ಚಹಾ ತೋಟ, ನಡುವೆ ಒಂಬತ್ತು ಕಮಾನಿನ ರೈಲು ಸೇತುವೆ. ಕಲ್ಲು, ಇಟ್ಟಿಗೆ, ಗಾರೆಯಿಂದಲೇ ಕಟ್ಟಿದ್ದು ಎಂದು ನಿಮಲ್ ಹೇಳಿದ. ನೀಲಿ ರೈಲೊಂದು ಅದರ ಮೇಲೆ ನಿಧಾನಕ್ಕೆ ದಾಟಿದಾಗ ಎರಡೂ ಬದಿಯ ಗುಡ್ಡದಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲೊಂದು ಸಣ್ಣ ಶಿಖರವಿದೆ. ಅಲ್ಲಿಗೆ ಹೋಗುವವರ ಸಾಲು ಹರಿಯುತ್ತಲೇ ಇತ್ತು. ತಿಪ್ಪೇಸ್ವಾಮಿ ಹತ್ತಲಿಲ್ಲ. ಮಂಡಿಯನ್ನು ಸಿಗಿರಿಯಕ್ಕೆ ಉಳಿಸುತ್ತಿದ್ದರು. ಕೆಳಗಿನ ಚಹಾದಂಗಡಿಯಲ್ಲಿ ಕುಳಿತು ಹತ್ತುವವರನ್ನು ನೋಡತೊಡಗಿದರು.

"ಆ ಕೆಂಪು ಟೋಪಿ ಯಜಮಾನ್ರು ಅರ್ಧಕ್ಕೆ ವಾಪಸ್ ಬರ್ತಾರೆ," ಎಂದರು.

ಹೇಗೆ ಗೊತ್ತು ಎಂದೆ. "ಮುಖ ನೋಡಬಾರದು ಸಾರ್. ಮುಖ ನಗ್ತಿರ್ತೈತೆ. ಪಾದ ನೋಡ್ರಿ. ಪಾದ ಹೊರಕ್ಕೆ ತಿರುಗ್ತೈತೆ, ಕೈ ತೊಡೆ ಮೇಲೆ ಹೋಗ್ತೈತೆ. ಆಮೇಲೆ ಪದೇ ಪದೇ ಫೋಟೋ ತೆಗೀತಾರೆ. ಫೋಟೋಕ್ಕಲ್ಲ, ಉಸಿರಿಗೆ." ಇಪ್ಪತ್ತು ನಿಮಿಷದಲ್ಲಿ ಕೆಂಪು ಟೋಪಿ ಇಳಿದು ಬಂತು.

ಅಂಥವರನ್ನು ತಿಪ್ಪೇಸ್ವಾಮಿ ನಮ್ಮ ಕೋಟೆಯಲ್ಲಿ ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ನಾನು ಹಲವು ಸಲ ನೋಡಿದ್ದೇನೆ. ನಿಮಗೆ ಆಗುವುದಿಲ್ಲ ಎಂದು ಹೇಳುವುದೇ ಇಲ್ಲ. ಮೂರನೇ ಬಾಗಿಲ ಪಕ್ಕದ ಕಲ್ಲುಕಟ್ಟೆ ತೋರಿಸಿ ಒಂದು ಕೆಲಸ ಒಪ್ಪಿಸುತ್ತಾರೆ: "ಯಜಮಾನ್ರೆ, ನಾವು ಮೇಲಿಂದ ಕೈ ಬೀಸ್ತೀವಿ. ಎಲ್ರೂ ಬರೋ ಹಂಗೆ ಫೋಟೋ ಇಲ್ಲಿಂದ ಮಾತ್ರ ಸಿಗೋದು. ನೀವೇ ತೆಗೀಬೇಕು." ಕುಳಿತವರು ತಮ್ಮಿಂದ ಉಪಕಾರವಾಯಿತು ಎಂದುಕೊಂಡೇ ಊರಿಗೆ ಹೋಗುತ್ತಾರೆ.

ನಾಲ್ಕನೇ ದಿನ ಎಲ್ಲದಿಂದ ಕ್ಯಾಂಡಿಗೆ ರೈಲು, ಏಳು ತಾಸು. ಈ ದೇಶಕ್ಕೆ ಹೋಗುವವರು ಬೇರೆ ಏನನ್ನು ಬಿಟ್ಟರೂ ಈ ರೈಲನ್ನು ಬಿಡಬಾರದು. ಗಾಡಿ ಮೋಡದೊಳಗೆ ಹೊಕ್ಕು ಹೊರಬರುತ್ತದೆ. ಒಂದು ತಿರುವಿನಲ್ಲಿ ಜಲಪಾತ, ಇನ್ನೊಂದರಲ್ಲಿ ಚಹಾ ಬಿಡಿಸುವ ಹೆಂಗಸರು, ಮತ್ತೊಂದರಲ್ಲಿ ಕೋಸಿನ ಮಡಿಗಳು. ಬಾಗಿಲುಗಳು ತೆರೆದೇ ಇರುತ್ತವೆ. ವಡೆ ಮಾರುವವರು ಶಾಲೆಯ ಹಳೆ ನೋಟ್‌ಬುಕ್ಕಿನ ಹಾಳೆಯಲ್ಲಿ ಕಟ್ಟಿಕೊಡುತ್ತಾರೆ. ಸಸ್ಯಾಹಾರಿಗಳು ಕೇಳಿ ತಿನ್ನಬೇಕು, ಒಂದು ಬಗೆಯ ವಡೆಯ ಮೇಲೆ ಸೀಗಡಿ ಇರುತ್ತದೆ. ರುದ್ರಮ್ಮ ಬೇಳೆ ವಡೆ ತಿಂದು ಹಾಳೆಯನ್ನು ಬಿಡಿಸಿ ನೋಡಿದರು. ಯಾರೋ ಮಾಡಿದ ಭಾಗಾಕಾರವಿತ್ತು. "ತಪ್ಪು ಮಾಡೈತೆ ಮಗು," ಎಂದರು.

ಕ್ಯಾಂಡಿಯಲ್ಲಿ ಸರೋವರದ ದಂಡೆಯ, ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ಮಂದಿರ ನೋಡಿದೆವು. ಬಿಳಿ ಬಟ್ಟೆ ತೊಟ್ಟ ಭಕ್ತರು ತಾವರೆ ಹಿಡಿದು ನಿಂತಿದ್ದರು. ಡೋಲು ಶುರುವಾದಾಗ ಅಷ್ಟು ಜನರಲ್ಲಿ ಒಬ್ಬರೂ ತಳ್ಳಲಿಲ್ಲ. ಊರ ಹೊರಗೆ ಹೆಂಗಸರೇ ನಡೆಸುವ ತಿಂಡಿ ಅಂಗಡಿಗಳ ಸಾಲಿದೆ. ಅಲ್ಲಿ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಂದು ಬಣ್ಣದ ತಿನಿಸೊಂದನ್ನು ಹಲಪ ಎಂದು ಕೊಟ್ಟರು. ರುದ್ರಮ್ಮ ಒಂದು ಚೂರು ಬಾಯಿಗಿಟ್ಟು, "ಅಯ್ಯೋ, ರಾಗಿ!" ಎಂದು ಕೂಗಿದರು. ರಾಗಿ, ಬೆಲ್ಲ, ತೆಂಗಿನತುರಿ. ಮಾಡಿದಾಕೆಗೂ ಇವರಿಗೂ ಭಾಷೆ ಇರಲಿಲ್ಲ. ಇಬ್ಬರೂ ಮುದ್ದೆ ತಿರುವುವ ಹಾಗೆ ಕೈ ಆಡಿಸಿ ಹತ್ತು ನಿಮಿಷ ಮಾತಾಡಿದರು.

ಆರನೇ ದಿನ ಬೆಳಿಗ್ಗೆ ಏಳಕ್ಕೆ ಸಿಗಿರಿಯದ ಬಾಗಿಲಲ್ಲಿದ್ದೆವು. ಪಾಸ್‌ಪೋರ್ಟ್ ತೋರಿಸಿದರೆ ಭಾರತೀಯರಿಗೆ ಉಳಿದ ವಿದೇಶಿಯರ ಅರ್ಧ ದರ. ಸಮತಟ್ಟಾದ ಕಾಡಿನ ನಡುವೆ ಒಂದೇ ಬಂಡೆ, ಸುಮಾರು ಆರುನೂರು ಅಡಿ, ನಾಲ್ಕೂ ಕಡೆ ಕಡಿದಂತೆ ನಿಂತಿದೆ. ಐದನೇ ಶತಮಾನದ ರಾಜನೊಬ್ಬ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ್ದ. ಹತ್ತಲು ಸುಮಾರು ಸಾವಿರದ ಇನ್ನೂರು ಮೆಟ್ಟಿಲು.

ನಮ್ಮ ಜೊತೆ ಬಂದ ಸ್ಥಳೀಯ ಗೈಡ್ ಬಂಡಾರನಿಗೆ ನಲವತ್ತೈದಿರಬಹುದು. ತಿಪ್ಪೇಸ್ವಾಮಿ ತಾವೂ ಗೈಡ್ ಎಂದು ಹೇಳಲಿಲ್ಲ, ನನಗೂ ಹೇಳಬೇಡಿ ಎಂದಿದ್ದರು. ಇಬ್ಬರ ನಡುವೆ ನಡೆದದ್ದು ಪ್ರವಾಸಿಗರಿಂದ ಕಲಿತ ಇಂಗ್ಲಿಷ್, ನಡುನಡುವೆ ತಮಿಳು. ಬುಡದಲ್ಲೇ ರಾಜನ ಕಾಲದ ನೀರಿನ ತೋಟಗಳಿವೆ. ಮಳೆಗಾಲದಲ್ಲಿ ಅಲ್ಲಿಯ ಕಾರಂಜಿಗಳು ಇಂದಿಗೂ ತಾವಾಗಿಯೇ ಚಿಮ್ಮುತ್ತವೆ ಎಂದು ಬಂಡಾರ ಹೇಳಿದ. ತಿಪ್ಪೇಸ್ವಾಮಿ ಕಲ್ಲಿನ ರಂಧ್ರಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆರಳು ಹಾಕಿ ನೋಡಿದರು. ಏಳುವಾಗ ಹೆಂಡತಿಯ ಹೆಗಲು ಹಿಡಿದರು.

ಬಂಡೆಯ ಮಧ್ಯದಲ್ಲಿ, ಸುರುಳಿ ಮೆಟ್ಟಿಲ ತುದಿಗೆ, ಹೂ ಹಿಡಿದ ಸ್ತ್ರೀಯರ ವರ್ಣಚಿತ್ರಗಳಿವೆ. ಸಾವಿರದೈನೂರು ವರ್ಷದ ಬಣ್ಣ ನಿನ್ನೆ ಒಣಗಿದಂತಿದೆ. ಅಲ್ಲಿ ಫೋಟೋ ನಿಷಿದ್ಧ. ಚಿತ್ರಗಳಿಂದ ಇಳಿದರೆ ಕನ್ನಡಿ ಗೋಡೆ. ಒಂದು ಕಾಲಕ್ಕೆ ಮುಖ ಕಾಣುವಷ್ಟು ಹೊಳಪಿತ್ತಂತೆ. ಆ ಗೋಡೆ ಮುಗಿಯುವ ಹೊತ್ತಿಗೆ ತಿಪ್ಪೇಸ್ವಾಮಿ ಮೂರು ಸಲ ನಿಂತು ಕಾಡಿನ ಫೋಟೋ ತೆಗೆದಿದ್ದರು. ನಾನು ಅವರ ಪಾದ ನೋಡಿದೆ. ಎಡಪಾದ ಹೊರಕ್ಕೆ ತಿರುಗಿತ್ತು.

ಮುಂದೆ ಒಂದು ಬಯಲು. ಅಲ್ಲಿ ಬಂಡೆಗೆ ಆನಿಸಿ ಕಟ್ಟಿದ ಎರಡು ದೈತ್ಯ ಸಿಂಹಪಂಜಗಳು, ಅವುಗಳ ನಡುವಿನಿಂದ ನೆತ್ತಿಗೆ ಹೋಗುವ ಕಡಿದಾದ ಕೊನೆಯ ಮೆಟ್ಟಿಲುಗಳು. ಕಾಡುಕಣಜಗಳ ಗೂಡುಗಳಿವೆ, ಸದ್ದು ಮಾಡಬೇಡಿ ಎಂಬ ಫಲಕವಿತ್ತು. ಬಂಡಾರ ಒಂದು ಕಲ್ಲುಬೆಂಚಿನ ಬಳಿ ನಿಂತು ತಿಪ್ಪೇಸ್ವಾಮಿಯ ಮೊಣಕೈ ಮುಟ್ಟಿದ.

"ಅಣ್ಣ, ನಾವು ಮೇಲಿಂದ ಕೈ ಬೀಸುತ್ತೇವೆ. ಎರಡೂ ಪಂಜ, ಮೇಲಿರುವ ಜನ, ಎಲ್ಲ ಒಂದೇ ಫೋಟೋದಲ್ಲಿ ಬರುವುದು ಈ ಬೆಂಚಿನಿಂದ ಮಾತ್ರ. ಅದನ್ನು ನೀವೇ ತೆಗೆದುಕೊಡಬೇಕು."

ತಿಪ್ಪೇಸ್ವಾಮಿ ಅವನ ಮುಖ ನೋಡಿದರು. ಆಮೇಲೆ ನಕ್ಕರು. ಕೋಟೆಯ ಬಾಗಿಲಲ್ಲಿ ನಗುವ ಹಾಗೆ ಗಟ್ಟಿಯಾಗಿ ನಕ್ಕರು. ಕಾವಲುಗಾರ ಬಾಯಿಗೆ ಬೆರಳಿಟ್ಟುಕೊಂಡು ಓಡಿ ಬಂದ.

"ಏನ್ರಿ ಅದು, ಹುಳ ಎಬ್ಬಿಸ್ತೀರಾ?" ಎಂದರು ರುದ್ರಮ್ಮ. "ಏನಂದ ಆವಯ್ಯ?"

"ಏನಿಲ್ಲ. ಫೋಟೋ ತೆಗೀಬೇಕಂತೆ."

ಬೆಂಚಿನ ಮೇಲೆ ಕುಳಿತು, ಅಂಗಿಯ ಜೇಬಿನಿಂದ ದಾರದ ಸಮೇತ ಗೈಡ್ ಕಾರ್ಡ್ ತೆಗೆದು ಹೆಂಡತಿಯ ಕೈಗಿಟ್ಟರು.

"ಇಲ್ಲೇ ಯಾಕೆ? ಊರಿಗೆ ಹೋಗಿ ಕೊಟ್ರಾಯ್ತು," ಎಂದರು ರುದ್ರಮ್ಮ. ದನಿ ಸಣ್ಣಗಾಗಿತ್ತು. "ಸ್ವಲ್ಪ ಹೊತ್ತು ಕುಂತು ಹತ್ರಿ. ನಾವೇನು ಬಸ್ ಹಿಡೀಬೇಕಾ?"

"ನೂರು ಜನಕ್ಕೆ ನಾನೇ ಕುಂತ್ಕಳ್ರಿ ಅಂದೀನಿ. ಅವರೆಲ್ಲ ಕುಂತವ್ರೆ. ನೀನು ಹೋಗೇ. ಇಬ್ರಲ್ಲಿ ಒಬ್ರಾದ್ರೂ ನೋಡಬೇಕು. ಮೇಲೆ ನೀರು ಎಷ್ಟೈತೆ, ಹೆಂಗೆ ನಿಲ್ಸವ್ರೆ, ಸರಿಯಾಗಿ ನೋಡ್ಕಂಡ್ ಬಾ."

ಮದುವೆಯಾಗಿ ಮೂವತ್ತಾರು ವರ್ಷವಾದರೂ ರುದ್ರಮ್ಮ ದುರ್ಗದ ಕೋಟೆಯಲ್ಲಿ ಎರಡನೇ ಬಾಗಿಲು ದಾಟಿದವರಲ್ಲ. ದಿನಾ ಮನೆಯಲ್ಲೇ ಕೇಳ್ತೀನಲ್ಲ, ನೋಡಾದೇನೈತೆ ಎನ್ನುತ್ತಿದ್ದರು. ಈಗ ಕಾರ್ಡ್ ಇಡಲು ಜಾಗವಿಲ್ಲದೆ ಕೊರಳಿಗೆ ಹಾಕಿಕೊಂಡರು, ಸೆರಗು ಸಿಕ್ಕಿಸಿದರು, ಕಂಬಿ ಹಿಡಿದು ಹತ್ತಿದರು. ಒಂದೇ ಸಲ ನಿಂತರು, ಅದೂ ನನಗಾಗಿ.

ನೆತ್ತಿ ನಾಲ್ಕು ಎಕರೆಯಷ್ಟು ವಿಶಾಲ. ಅರಮನೆಯ ಇಟ್ಟಿಗೆ ತಳಪಾಯಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಸುತ್ತ ಕಣ್ಣು ಹೋಗುವವರೆಗೂ ಕಾಡು, ಕೆರೆ, ದೂರದಲ್ಲಿ ನೀಲಿ ಬೆಟ್ಟ. ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದಂಥದೇ ಗಾಳಿ. ನಡುವೆ ಬಂಡೆ ಕೊರೆದು ಮಾಡಿದ ಕೊಳ, ತುಂಬ ನೀರು. ಕೊಳದ ಬಳಿ ಆಂಧ್ರದ ಕುಟುಂಬವೊಂದು ರುದ್ರಮ್ಮನ ಕೊರಳು ನೋಡಿ, ನೀವು ಗೈಡಾ ಎಂದು ತೆಲುಗಿನಲ್ಲಿ ಕೇಳಿತು. ಹಿರಿಯೂರು ಸೀಮೆಯ ರುದ್ರಮ್ಮನಿಗೆ ತೆಲುಗು ಬರುತ್ತದೆ. "ಗೈಡು ನಮ್ಮ ಮನೆಯವರು. ಕೆಳಗೆ ಕೂತಿದ್ದಾರೆ," ಎಂದು ಅದೇ ಭಾಷೆಯಲ್ಲಿ ಹೇಳಿದರು. ಅಂಚಿಗೆ ಬಂದು ಎರಡೂ ಕೈ ಬೀಸಿದರು. ಕೆಳಗಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

ಇಳಿದ ಮೇಲೆ ಎಲ್ಲರೂ ಚಹಾ ಕುಡಿದೆವು. ತಿಪ್ಪೇಸ್ವಾಮಿ ಆಗ ಬಂಡಾರನಿಗೆ ತಮ್ಮ ಕೆಲಸ ಏನೆಂದು ಹೇಳಿ, "ನನ್ನ ಕಾಲು ನಿನಗೆ ಎಲ್ಲಿ ಕಂಡಿತು?" ಎಂದು ಕೇಳಿದರು.

"ಕನ್ನಡಿ ಗೋಡೆಯ ಹತ್ತಿರ."

"ತಡವಾಯಿತು. ನಾನಾಗಿದ್ದರೆ ನೀರಿನ ತೋಟದಲ್ಲೇ ಕಂಡುಹಿಡಿಯುತ್ತಿದ್ದೆ."

ಬಂಡಾರ ಎದ್ದು ನಿಂತು ಅವರ ಕೈ ಕುಲುಕಿದ. ಕೊಡಬೇಕಾಗಿದ್ದ ಶುಲ್ಕ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ವಿಮಾನ ನಿಲ್ದಾಣಕ್ಕೆ ನಾಲ್ಕು ತಾಸಿನ ದಾರಿ. ಹಿಂದಿನ ಸೀಟಿನಲ್ಲಿ ರುದ್ರಮ್ಮ ಮೇಲೆ ಕಂಡದ್ದನ್ನೆಲ್ಲ ಹೇಳುತ್ತ ಹೋದರು. ತಿಪ್ಪೇಸ್ವಾಮಿ ಅಡ್ಡ ಮಾತಾಡದೆ ಕೇಳಿದರು. ಒಂದೇ ಪ್ರಶ್ನೆ ಕೇಳಿದರು. "ನೀರು ನಿಜವಾಗ್ಲೂ ತುಂಬಿತ್ತಾ?"

"ತುಂಬಿತ್ತು ರೀ. ಫೆಬ್ರವರಿಯಾಗೂ."

ಅವರು ತಿರುಗಿ ಕಿಟಕಿಯಾಚೆ ನೋಡಿದರು. ಬಂಡೆ ಆಗಲೇ ಮರಗಳ ಹಿಂದೆ ಮರೆಯಾಗಿತ್ತು.

ಮರುದಿನ ಸಂಜೆ ಐದಕ್ಕೆ ದುರ್ಗದಲ್ಲಿ ಬಸ್ಸಿಳಿದೆವು. ಗೈಡ್ ಕಾರ್ಡ್ ಈಗ ರುದ್ರಮ್ಮನ ಬೀರುವಿನಲ್ಲಿದೆ. ತಿಪ್ಪೇಸ್ವಾಮಿ ಬೆಳಿಗ್ಗೆ ಹತ್ತಕ್ಕೆ ಕೋಟೆಗೆ ಹೋಗುತ್ತಾರೆ, ಮೂರನೇ ಬಾಗಿಲವರೆಗೆ ಮಾತ್ರ. ಅಲ್ಲಿಯ ಕಲ್ಲುಕಟ್ಟೆಯ ಮೇಲೆ, ಹತ್ತಲಾಗದೆ ಕುಳಿತವರ ಜೊತೆ ಕುಳಿತು, ಮೇಲೆ ಏನೇನಿದೆ ಎಂದು ಹೇಳುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ. ಹೊಂಡಗಳ ಬಗ್ಗೆ ಹೇಳುವಾಗಿನ ಆ ಲಂಕೆಯ ಸಾಲಿನಿಂದ "ನಮ್ಮದೇ ಮೇಲು" ಎಂಬ ಮಾತು ಹೋಗಿದೆ. ಕಳೆದ ಭಾನುವಾರ ಆ ಕಟ್ಟೆಯ ಮೇಲೆ ಒಂಬತ್ತು ಜನ ಇದ್ದರು. ಅವರಲ್ಲಿ ನಾಲ್ವರು ಮೇಲಕ್ಕೆ ಹತ್ತಿ, ನೋಡಿ, ಇಳಿದು ಬಂದು ಕೇಳಲು ಕುಳಿತವರು.