ಪಾಟಿ ಸವಾಲಿನಲ್ಲಿ ಬಾಯಿಬಿಟ್ಟೆ

ಗೆಳತಿಯರೇ, ಇವತ್ತು ಸಿಂದಗಿ ಕೋರ್ಟಿನಲ್ಲಿ ನನ್ನ ವಿಚ್ಛೇದನದ ಕೇಸಿನ ಪಾಟಿ ಸವಾಲು. ಕಟಕಟೆ ಹತ್ತುವ ಮೊದಲೇ, ಶಾಲೆಯಲ್ಲಿ ಪಾಠ ಹೇಳುವ ನನಗೇ ನನ್ನ ವಕೀಲರು ಎಚ್ಚರಿಕೆ ಕೊಟ್ಟಿದ್ದರು: "ಅಕ್ಕೋರ, ಹೌದು, ಇಲ್ಲ, ಅಷ್ಟ ಹೇಳ್ರಿ. ಮಾತು ಬೆಳಸಬ್ಯಾಡ್ರಿ."

ಗಂಡನ ಕಡೆಯ ವಕೀಲರು ಕನ್ನಡಕ ಏರಿಸಿ ಕೇಳಿದರು: "ಸಾಲಿ ಬಿಟ್ಟ ಮ್ಯಾಲ ಮನ್ಯಾಗ ಯಾರ ಜೋಡಿ ಮಾತಾಡ್ತೀರಿ?"

"ಯಾರೂ ಇಲ್ರಿ" ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಈಗಲೂ ಮರೆತು ಇಬ್ಬರಿಗಾಗುವಷ್ಟು ರೊಟ್ಟಿ ಬಡಿಯುವುದು, ಟೀವಿಯಲ್ಲಿ ವಾರ್ತೆ ಓದುವವಳ ನಮಸ್ಕಾರಕ್ಕೆ ನಾನೂ ನಮಸ್ಕಾರ ಅನ್ನುವುದು, ಎಲ್ಲ ಹೇಳಿಬಿಟ್ಟೆ. ಬೆರಳಚ್ಚುಗಾರ್ತಿ ಟೈಪು ನಿಲ್ಲಿಸಿ ನನ್ನನ್ನೇ ನೋಡಿದಳು.

ಹೊರಗೆ ಬಂದಮೇಲೆ ನನ್ನ ವಕೀಲರು ರೇಗಿದರು: "ಅಷ್ಟೆಲ್ಲಾ ಯಾಕ ಹೇಳಿದ್ರಿ?"

"ಅವರು ಕೇಳಿದ್ರಲ್ರಿ" ಅಂದೆ. "ಬ್ಯಾರೆ ಯಾರೂ ಕೇಳಂಗಿಲ್ಲ."

ಗಂಡನ ವಕೀಲರ ಪ್ರಶ್ನೆಗಳು ಇನ್ನೂ ಮುಗಿದಿಲ್ಲ, ಮುಂದಿನ ತಾರೀಖಿಗೂ ಇವೆಯಂತೆ. ಬರುವ ದಾರಿಯಲ್ಲೇ ಆ ದಿನಕ್ಕೆಂದು ಹಸಿರು ಸೀರೆ ಒಂದನ್ನು ಕೊಂಡೆ.